ಎಪ್ಪತ್ತಾದವರ ಅಕರಾ

ಇಸೇಯಿನ್ ಊರಿನ ನೇಕಾರರ ಕೇರಿಗೆ ಬೆಳಗಾಗುವುದು ಸೂರ್ಯ ಹುಟ್ಟಿದಾಗಲ್ಲ, ಅಯಿಂಕೆ ಮುದುಕಿಯ ಒಲೆ ಹೊತ್ತಿದಾಗ. ಮುದುಕಿ ಎಂಬ ಮಾತನ್ನು ಅವಳ ಬೆನ್ನ ಹಿಂದೆ ಮಾತ್ರ ಆಡಬೇಕು. ಎದುರಿಗೆ ಆಡಿದವರಿಗೆ ಬಾಣಲೆಯ ತಳದ ಸೀದ ಚೂರೇ ಗತಿ.

ನೆನೆದ ಅಲಸಂದೆಯನ್ನು ಅಂಗೈಯಲ್ಲಿ ಉಜ್ಜಿ ಸಿಪ್ಪೆ ತೇಲಿಸಿ, ರುಬ್ಬಿಸಿಕೊಂಡು ಬಂದು, ಮರದ ಒರಳಿನಲ್ಲಿ ಹಾಕಿ ಅವಳು ಬಡಿಯತೊಡಗಿದರೆ ಆ ಸದ್ದಿಗೆ ಕೇರಿಯ ಮಕ್ಕಳು ಕಣ್ಣು ಬಿಡುತ್ತವೆ. ಒಂದು ತೊಟ್ಟು ಹಿಟ್ಟು ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿತೋ, ಮತ್ತೆ ಬಡಿಯಬೇಕು. ಆಮೇಲೆ ಈರುಳ್ಳಿ, ಕೆಂಪು ಮೆಣಸಿನಕಾಯಿ. ಉಪ್ಪು ಕಟ್ಟಕಡೆಗೆ, ಎಣ್ಣೆ ಕಾದ ಮೇಲೆ. ಅಂಗೈಯಗಲಕ್ಕೆ ಹರಡಿ ಎರಡೂ ಮಗ್ಗುಲು ಬೇಯಿಸಿದ ಅವಳ ಅಕರಾ ವಡೆ ಹೊರಗೆ ಗರಿಗರಿ, ಒಳಗೆ ಹತ್ತಿ. ಹಿಟ್ಟು ಹೆಚ್ಚಲಿ ಎಂದು ಜೋಳ ಬೆರೆಸುವವರು, ಗೋಧಿ ಬೆರೆಸುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಯಿಂಕೆಗೆ ಅವರನ್ನು ಕಂಡರೆ ಮೈ ಉರಿಯುತ್ತದೆ. ಬರೀ ಕಾಳಿನ ಅವಳ ಅಕರಾ ಮೂರು ತಿಂದು ಮಗ್ಗಕ್ಕೆ ಕೂತವನಿಗೆ ಹೊತ್ತು ನೆತ್ತಿಗೆ ಬರುವವರೆಗೆ ಹೊಟ್ಟೆಯ ನೆನಪೇ ಆಗುವುದಿಲ್ಲ.

ಇದೇ ಅಕರಾಕ್ಕೆ ಇನ್ನೊಂದು ಕೆಲಸವೂ ಉಂಟು. ಎಪ್ಪತ್ತು ತುಂಬಿದವರು ಸತ್ತರೆ ಮಾರನೆಯ ಬೆಳಗ್ಗೆ ಮನೆಯವರು ಅಕರಾ ಮಾಡಿಸಿ ಮನೆಮನೆಗೆ ಹಂಚುತ್ತಾರೆ. ತಿಂದವರು ‘ನಮಗೂ ಇಂಥ ಆಯಸ್ಸು ಬರಲಿ’ ಎಂದು ಕೈಯೊರೆಸಿಕೊಳ್ಳುತ್ತಾರೆ. ಡೋಲು ಬರುತ್ತದೆ, ಕುಣಿತ ನಡೆಯುತ್ತದೆ. ತುಂಬಿದ ಬಾಳಿಗೆ ಯಾರೂ ಅಳಬಾರದು. ಎಪ್ಪತ್ತು ತುಂಬದೆ ಸತ್ತರೆ ಅಕರಾ ಇಲ್ಲ, ಡೋಲು ಇಲ್ಲ. ಬರೀ ಅಳು, ಅಳುವಿನ ಹಿಂದೆಯೇ ಪಿಸುಮಾತು: ಇವನನ್ನು ತಿಂದವರು ಯಾರು?

ಲಾಡಿಪೊ ಸತ್ತದ್ದು ಮಗ್ಗದ ಮುಂದೆ, ಕೂತಲ್ಲೇ. ಮುಂಜಾನೆ ಅಯಿಂಕೆಯ ಹತ್ತಿರ ಅಕರಾ ಕೊಂಡು, ಎಂದಿನಂತೆ ಅವಳನ್ನು ರೇಗಿಸಿ ಹೋದವನು. ಸ್ವಲ್ಪ ಹೊತ್ತಿಗೆಲ್ಲ ಅವನ ಹೆಂಡತಿ ಒಮೊಲಾರ ತಲೆಯ ಮೇಲೆ ಅಲಸಂದೆಯ ಬುಟ್ಟಿ ಹೊತ್ತು ಬಂದು ಒಲೆಯ ಮುಂದೆ ನಿಂತಳು. ಎರಡನೆಯ ಹೆಂಡತಿ, ಮೊದಲನೆಯವಳು ತೀರಿಕೊಂಡ ಮೇಲೆ ಬೇರೆ ಊರಿನಿಂದ ಬಂದವಳು, ಗಂಡನಿಗಿಂತ ತುಂಬಾ ಚಿಕ್ಕವಳು.

“ನಾಳೆ ಬೆಳಗ್ಗೆಗೆ ಅಕರಾ ಮಾಡ್ಕೊಡವ್ವಾ,” ಎಂದಳು. “ಮೈದುನ ಬೇಡ ಅಂತಿದ್ದಾನೆ. ಅಣ್ಣಂಗೆ ಎಪ್ಪತ್ತು ಆಗೇ ಇಲ್ಲ ಅಂತ ಕೇರಿ ಯಜಮಾನ್ರ ಮನೆಗೆ ಹೋಗಿದ್ದಾನೆ. ಅಕರಾ ಆಗದಿದ್ರೆ ನನ್ನ ಗತಿ ಏನಾಗುತ್ತೆ ಗೊತ್ತಲ್ಲ ನಿಂಗೆ.”

ಅಯಿಂಕೆಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಿನದೂ ಗೊತ್ತಿತ್ತು.

ಹಿಂದಿನ ವರ್ಷ ಮರಳುಗಾಳಿಯ ತಿಂಗಳಲ್ಲಿ ಅವಳ ಉಡುಗೆಯ ಅಂಚಿಗೆ ಒಲೆಯ ಬೆಂಕಿ ತಗುಲಿತ್ತು. ಕಣ್ಣು ಮಂಜಾದದ್ದರಿಂದ ಅವಳಿಗೆ ಅದು ಕಾಣಲೇ ಇಲ್ಲ. ಸುಟ್ಟ ಕಾಲಿಗೆ ಮುಲಾಮು ಹಚ್ಚುತ್ತ ಮಗಳು ಬೋಸೆಡೆ ಅತ್ತಳು, ಬೈದಳು, ಕೊನೆಗೆ ಬಟ್ಟೆ ಹೊಲಿಯುವ ಕತ್ತರಿಯನ್ನೇ ತಂದು ತಾಯಿಯ ಮುಂದೆ ಹಿಡಿದಳು. “ಕಬ್ಬಿಣ ಮುಟ್ಟಿ ಹೇಳವ್ವಾ. ಎಪ್ಪತ್ತು ತುಂಬಿದ ದಿನ ಒಲೆ ಆರಿಸ್ತೀಯಾ ಇಲ್ವಾ?” ಕಬ್ಬಿಣ ಮುಟ್ಟಿ ಆಡಿದ ಮಾತನ್ನು ಓಗುನ್ ದೇವರು ಕೇಳಿಸಿಕೊಳ್ಳುತ್ತಾನೆ, ತಪ್ಪಿದರೆ ಬಿಡುವವನಲ್ಲ. ಆದರೂ ಅಯಿಂಕೆ ಹಿಂದೆಮುಂದೆ ನೋಡದೆ ಮುಟ್ಟಿದಳು. ಹುಟ್ಟಿದ ದಿನ ಬರೆದಿಡುವ ಕಾಲದಲ್ಲಿ ಅವಳು ಹುಟ್ಟಿರಲಿಲ್ಲ. “ನಂಗಿನ್ನೂ ಅರವತ್ತೈದು” ಎಂದುಬಿಟ್ಟಳು.

ಬೋಸೆಡೆ ಏನು ಕಡಿಮೆಯವಳೆ? ಅದೇ ತಾಯಿಯ ಮಗಳು. ಸೀದಾ ಲಾಡಿಪೊನ ಹತ್ತಿರ ಹೋದಳು. ಇಬ್ಬರೂ ಓರಗೆಯವರೆಂದು ಕೇರಿಗೆಲ್ಲ ಗೊತ್ತು. ಯಜಮಾನರ ಜಗಲಿಯ ಮೇಲೆ ಹತ್ತು ಜನರ ಎದುರಿಗೆ ಕೇಳಿದಳು. ಲಾಡಿಪೊ ಒಮ್ಮೆ ಗಡ್ಡ ಕೆರೆದುಕೊಂಡು, “ನಂಗೆ ಅರವತ್ತೈದಮ್ಮ. ನಿಮ್ಮವ್ವ ನನ್ನ ಜೊತೆಯವಳೇ” ಎಂದ. ಮಾರನೆಯ ಬೆಳಗ್ಗೆ ಅಕರಾ ಕೊಳ್ಳುತ್ತ ಅಯಿಂಕೆಯ ಕಿವಿಯಲ್ಲಿ, “ನಿನ್ನ ದೆಸೆಯಿಂದ ನಾನೂ ಹುಡುಗ ಆದೆ ಕಣೆ. ಇನ್ನೊಂದು ಮದುವೆ ನೋಡ್ಲಾ?” ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ನಗುವ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ?

ಈಗ ಆ ಮಾತೇ ಒಮೊಲಾರಳ ಕತ್ತಿಗೆ ಬಂದು ಕೂತಿತ್ತು.

ಯಜಮಾನರ ಜಗಲಿಯಲ್ಲಿ ಲಾಡಿಪೊನ ತಮ್ಮ ಅಕಾಂಬಿ ನಿಂತುಕೊಂಡೇ ಮಾತಾಡುತ್ತಿದ್ದ. ಅಣ್ಣನಿಗಿಂತ ಎಷ್ಟೋ ವರ್ಷಕ್ಕೆ ಚಿಕ್ಕವನು. ಅಣ್ಣ ಹುಟ್ಟಿದ್ದು ಅವನಿಗೇನು ಗೊತ್ತು? ಅಣ್ಣ ಹೇಳಿದ್ದಷ್ಟೇ ಗೊತ್ತು.

“ಇದೇ ಜಾಗದಲ್ಲಿ ಕೂತು ಅರವತ್ತೈದು ಅಂದ. ನೀವೆಲ್ಲ ಕೇಳಿದ್ದೀರಿ. ವರ್ಷ ಒಂದು ಕಳೀತು, ಅರವತ್ತಾರು ಅಂದ್ಕೊಳ್ಳಿ. ಕಲ್ಲುಗುಂಡಿನ ಹಾಗಿದ್ದವನು. ಕೆಮ್ಮಿಲ್ಲ, ಜ್ವರ ಇಲ್ಲ. ಮಗ್ಗದ ಮುಂದೆ ಕೂತವನು ಹಂಗೇ ಹೋಗ್ತಾನಾ? ತಟ್ಟೆಗೆ ಏನು ಬಿತ್ತು ಅಂತ ಹೆಂಡ್ತಿನ ಕೇಳಿ.”

“ಅವರಿಗೆ ಎಪ್ಪತ್ತು ದಾಟಿತ್ತು,” ಎಂದಳು ಒಮೊಲಾರ. “ನನ್ನ ಹತ್ರ ಯಾವಾಗಲೂ ಹಂಗೇ ಅಂತಿದ್ರು.”

“ಇವತ್ತು ಎಪ್ಪತ್ತು ಅನ್ನು, ನಾಳೆ ನೂರು ಅನ್ನು. ನಿಂಗೆ ಬೇಕಾದಂಗೆ ಬೆಳೀತಾನೆ ನಮ್ಮಣ್ಣ,” ಎಂದ ಅಕಾಂಬಿ. ಒಂದಿಬ್ಬರು ನಕ್ಕರು. ನಗಬಾರದ ಜಾಗದ ಕೆಟ್ಟ ನಗು ಅದು. “ಮಣ್ಣು ಮಾಡಿದ ಮೇಲೆ ಇವಳು ಮನೆ ಬಿಟ್ಟು ತವರಿಗೆ ಹೋಗಲಿ. ಅಷ್ಟೇ ನಾನು ಕೇಳೋದು.”

ಯಜಮಾನರು ಉಸಿರುಬಿಟ್ಟರು. ಒಳ್ಳೆಯ ಮನುಷ್ಯ, ಆದರೆ ತಾನೇ ಕಿವಿಯಾರೆ ಕೇಳಿದ್ದನ್ನು ಕೇಳಿಲ್ಲ ಎನ್ನುವಷ್ಟು ಒಳ್ಳೆಯವರಲ್ಲ. “ಅವನ ಹುಟ್ಟು ಕಂಡವರು ಯಾರಾದ್ರೂ ಉಳಿದಿದ್ದಾರಾ?” ಎಂದರು.

ಹೆಂಗಸರ ಸಾಲಿನಲ್ಲಿ ಕೂತ ಅಯಿಂಕೆ ನೆಲ ನೋಡುತ್ತಿದ್ದಳು. ಪಕ್ಕದಲ್ಲೇ ಬೋಸೆಡೆ ಇದ್ದಳು. ಬಾಯಿ ಬಿಟ್ಟರೆ ಒಲೆ ಹೋಗುತ್ತದೆ. ಒಲೆ ಹೋದರೆ ಏನುಳಿಯುತ್ತದೆ? ಬಾಗಿಲ ಪಕ್ಕದ ಚಾಪೆ, ಹೊತ್ತುಹೊತ್ತಿಗೆ ಮುಂದೆ ಬಂದು ಕೂರುವ ತಟ್ಟೆ, ‘ಅವ್ವಾ ಊಟ ಆಯ್ತಾ’ ಎನ್ನುವ ಮಾತು. ಇಷ್ಟು ದಿನ ಇಡೀ ಕೇರಿಗೆ ‘ಊಟ ಆಯ್ತಾ’ ಎಂದು ಕೇಳಿದ ಬಾಯಿ ಅವಳದು. ಸತ್ತವನಿಗೆ ಎಷ್ಟಾದರೇನು, ಅರವತ್ತಾದರೂ ಎಂಬತ್ತಾದರೂ ಗುಂಡಿ ಅಷ್ಟೇ ಆಳ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದಕ್ಕೆ ನಾಚಿಕೆಯಾಯಿತು. ಸತ್ತವನಿಗೇನೋ ಅಷ್ಟೇ ಆಳ. ಬದುಕಿರುವವಳನ್ನು ಹೂಳುವುದಕ್ಕೂ ಇವರು ಗುಂಡಿ ತೋಡುತ್ತಿದ್ದರಲ್ಲ.

ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು.

“ನಾನಿದ್ದೀನಿ,” ಎಂದಳು.

“ಕೂತ್ಕೊಳವ್ವಾ,” ಎಂದ ಅಕಾಂಬಿ. “ನೀನು ಅವನ ಓರಗೆಯವಳು. ಅವನು ಹುಟ್ಟಿದ್ದನ್ನ ನೀನು ಹೆಂಗೆ ನೋಡ್ತೀಯಾ?”

“ಓರಗೆಯವಳು ಅಂತ ಒಪ್ಕೊಂಡ್ಯಲ್ಲ, ಅಷ್ಟು ಸಾಕು. ನಮ್ಮವ್ವನಿಗೆ ಬಾಣಂತಿ ಜ್ವರ ಬಂದು ಎದೆಹಾಲು ಬತ್ತಿತ್ತು. ನಿಮ್ಮವ್ವ ನಮ್ಮಿಬ್ಬರನ್ನೂ ಒಂದೇ ಮಡಿಲಲ್ಲಿ ಹಾಕ್ಕೊಂಡು ಹಾಲು ಕೊಟ್ಟಳು. ಅವನು ಎಡಕ್ಕೆ, ನಾನು ಬಲಕ್ಕೆ. ನಾನು ಒದೀತಿದ್ದೆ ಅಂತ ಸಾಯೋವರೆಗೂ ಹೇಳ್ತಿದ್ದಳು ಪುಣ್ಯಾತ್ಗಿತ್ತಿ.” ಯಜಮಾನರ ಕಡೆಗೆ ತಿರುಗಿದಳು. “ಅದು ನಿಮ್ಮಪ್ಪ ಈ ಮನೆಗೆ ಹುಲ್ಲು ತೆಗೆಸಿ ತಗಡು ಹೊದಿಸಿದ ವರ್ಷ. ಕೇರಿಗೆಲ್ಲ ಅದೇ ಮೊದಲ್ನೇ ತಗಡು. ಮೊಳೆ ಹೊಡೆಯೋ ಸದ್ದಿಗೆ ಇಬ್ಬರೂ ಬೆಚ್ಚಿ ಕಿರುಚ್ತಿದ್ವಂತೆ. ತಗಡಿಗೆ ಎಷ್ಟು ವಯಸ್ಸಾಯ್ತು ಅಂತ ನಿಮಗೇ ಗೊತ್ತಿರಬೇಕು.”

ಯಜಮಾನರು ತಲೆಯೆತ್ತಿ ಸೂರು ನೋಡಿದರು. ಅಪ್ಪನ ಆ ತಗಡಿನ ಕಥೆ ಕೇಳಿ ಕೇಳಿಯೇ ಬೆಳೆದವರು ಅವರು. ಬೆರಳು ಮಡಿಚಿದರು, ಬಿಡಿಸಿದರು, ಮತ್ತೆ ಮಡಿಚಿದರು.

“ಎಪ್ಪತ್ತೆರಡು,” ಎಂದರು.

“ಮತ್ತೆ ಅವನ್ಯಾಕೆ ಅರವತ್ತೈದು ಅಂದ?” ಅಕಾಂಬಿಯ ದನಿ ಇಳಿದಿತ್ತು.

“ನಂಗೋಸ್ಕರ ಅಂದ. ನನ್ನ ಒಲೆ ಉಳಿಸೋಕೆ ಅಂದ. ಸುಳ್ಳು ನಂದು, ಬಾಯಿ ಮಾತ್ರ ಅವನದು.”

ಹಿಂದಿನಿಂದ ಯಾರೋ ಹೆಂಗಸು, “ಹಂಗಾದ್ರೆ ನಿಂಗೂ ಎಪ್ಪತ್ತೆರಡು ಆಯ್ತಲ್ಲೇ ಅಯಿಂಕೆ! ಎಂಥಾ ಕಳ್ಳಿ ನೀನು!” ಎಂದಳು. ಈ ಸಲ ಬಂದದ್ದು ಒಳ್ಳೆಯ ನಗು. ಒಮೊಲಾರ ಮಾತ್ರ ನಗಲಿಲ್ಲ. ಅಯಿಂಕೆಯ ಕಾಲಿನ ಹತ್ತಿರ ಮಂಡಿಯೂರಿ ಹಾಗೇ ಕೂತುಬಿಟ್ಟಳು. ಬೋಸೆಡೆ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಮಾರನೆಯ ಬೆಳಗ್ಗೆ ಅಯಿಂಕೆ ಒಮೊಲಾರ ಕೊಟ್ಟ ಅಲಸಂದೆಯನ್ನು ತೊಳೆದು, ಬಡಿದು, ಲಾಡಿಪೊನ ಅಕರಾ ಮಾಡಿದಳು. ಬಾಣಲೆಯ ಬಾಯಗಲಕ್ಕೆ ದೊಡ್ಡದಾಗಿ ಹರಡಿದಳು. ಎಪ್ಪತ್ತಾದವನದು ಕೈತುಂಬ ಇರಬೇಕು. ಬೋಸೆಡೆ ಎದುರು ಕೂತು ಬೆಂಕಿ ಒಟ್ಟಿದಳು, ತಾಯಿಯ ಉಡುಗೆಯ ಅಂಚು ಜಾರಿದಾಗಲೆಲ್ಲ ಎಳೆದು ಸಿಕ್ಕಿಸಿದಳು. ಕೇರಿಯ ಹೆಂಗಸರು ಎಲೆಯಲ್ಲಿ ಕಟ್ಟಿ ಕಟ್ಟಿ ಹಂಚಲು ಹೊತ್ತುಕೊಂಡು ಹೋದರು. ಅಕಾಂಬಿಯೂ ಬಂದು ಒಂದು ಬುಟ್ಟಿ ಹೊತ್ತ. ಅತ್ತಿಗೆಯ ಮುಖ ನೋಡಲಾರದೆ ನೆಲ ನೋಡಿಕೊಂಡೇ ಹೋದ, ಆದರೆ ಹೊತ್ತ. ಅತ್ತ ಲಾಡಿಪೊನ ಅಂಗಳದಲ್ಲಿ ಡೋಲು ಶುರುವಾಯಿತು. ಒಮೊಲಾರ ತನ್ನ ಗಂಡ ನೇಯ್ದ ಬಟ್ಟೆಯನ್ನೇ ಉಟ್ಟು, ಕಣ್ಣು ಊದಿಕೊಂಡೇ, ನಾಲ್ಕು ಹೆಜ್ಜೆ ಕುಣಿದಳು. ಇನ್ನು ಅವಳನ್ನು ಯಾರೂ ಏನೂ ಅನ್ನುವ ಹಾಗಿರಲಿಲ್ಲ.

ಹಿಟ್ಟು ಮುಗಿಯಿತು. ಅಯಿಂಕೆ ಬಾಣಲೆ ಇಳಿಸಿ, ಯಾರೂ ಕೇಳುವ ಮೊದಲೇ ಚೊಂಬು ಎತ್ತಿ ಒಲೆಗೆ ನೀರು ಸುರಿದಳು. ಕೆಂಡ ಚುಂಯ್ ಎಂದಿತು. ಆಗಲೇ ಅವಳಿಗೆ ಹೊಳೆದದ್ದು: ಲಾಡಿಪೊನಿಗಾಗಿ ತಾನಿನ್ನೂ ಒಂದು ಹನಿ ಕಣ್ಣೀರು ಹಾಕಿಲ್ಲ. ನಿನ್ನೆ ಬೆಳಗ್ಗೆ ಅವನು ಅರವತ್ತಾರರವನಾಗಿದ್ದಾಗ ಬೀದಿಗೆ ಬಿದ್ದು ಅಳಬಹುದಿತ್ತು. ಎಪ್ಪತ್ತು ತುಂಬಿಸಿದವಳು ತಾನೇ. ಈಗ ಅಳುವ ಹಾಗಿಲ್ಲ.

ತುಟಿ ಕಚ್ಚಿ ನಿಂತಳು. ಬೋಸೆಡೆ ಎದ್ದು ಬಂದಳು, ತನ್ನ ಮೇಲುಹೊದಿಕೆ ಬಿಚ್ಚಿ, ಡೋಲಿನವರಿಗೆ ಕಾಣದ ಹಾಗೆ ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ನಿಂತಳು.

“ಅಳವ್ವಾ. ಯಾರೂ ನೋಡಲ್ಲ.”

“ಎಪ್ಪತ್ತಾದವನಿಗೆ ಯಾರಾದ್ರೂ ಅಳ್ತಾರೇನೆ ಹುಚ್ಚಿ,” ಎಂದಳು ಅಯಿಂಕೆ. ಎಂದವಳೇ ಆರಿದ ಒಲೆಯ ಮುಂದೆ ಕುಸಿದು, ಹಾಲಿಗೆ ಅಳುವ ಕೂಸಿನ ಹಾಗೆ ಬಾಯಿಬಿಟ್ಟು ಅತ್ತಳು. ಡೋಲು ಬಡಿಯುತ್ತಲೇ ಇತ್ತು, ಮಗಳ ತೋಳು ಸೋತು ನಡುಗುತ್ತಿತ್ತು. ಬಟ್ಟೆಯನ್ನು ಮಾತ್ರ ಅವಳು ಕೆಳಗಿಳಿಸಲಿಲ್ಲ.