ಗೋಲು ಹೊಡೆದವನ ಹೆಸರು

"ಗೋಲ್ ಹೊಡ್ದೋನ ಹೆಸರು ಹೇಳಿ ಸಾರ್," ಎಂದಿತು ರಿಸೀವರು.

ಮುರಳೀಧರರು ಗಂಟಲು ಸರಿಮಾಡಿಕೊಂಡರು. ರಾಯಪುರಂನ ಉಡುಪಿ ಹೋಟೆಲಿನ ಗಲ್ಲಾದ ಮೇಲಿದ್ದ ಆ ಫೋನೇ ಅವರ ಪತ್ರಿಕಾ ಕಚೇರಿ. ಪಂದ್ಯ ಮುಗಿದೊಡನೆ, ತಾವೇ ತಯಾರು ಮಾಡಿದ ತಂಡಕ್ಕೆ ಇಡ್ಲಿ ಹೇಳಿ, ತಾವೇ ಪತ್ರಿಕೆಗೆ ವರದಿ ಒಪ್ಪಿಸುವುದು ಎಪ್ಪತ್ತರ ದಶಕದಿಂದ ಬಂದ ಪದ್ಧತಿ. ಮಳೆಗೆ ನೆನೆದು ಕಲ್ಲಾದ ತೊಗಲ ಚೆಂಡಿಗೆ ಇಪ್ಪತ್ತು ವರ್ಷ ತಲೆ ಕೊಟ್ಟ ಆಟಗಾರ ಅವರು. ಫುಟ್‌ಬಾಲಿನಲ್ಲಿ ಕೈಗೆ ಕೆಲಸವಿಲ್ಲವೆಂಬುದನ್ನೂ ಮರೆತು ಈಚೆಗೆ ಆ ತಲೆ ಅವರಿಗೆ ಕೈಕೊಡುತ್ತಿತ್ತು.

ಗೋಲು ಹೊಡೆದವನು ಎದುರಿನ ಮೇಜಿನಲ್ಲೇ ಇದ್ದ. ನಾಲ್ಕು ವರ್ಷದಿಂದ ಅವರ ಬಳಿ ಪಳಗಿದವನು. ಅವನ ಎಡಗಾಲಿನ ಹೊಡೆತ, ಅವನ ತಾಯಿ ಭೀಮಾಬಾಯಿ, ಆಕೆ ಕಳಿಸುವ ಮೆಂತ್ಯದ ಹಿಟ್ಟು, ಎಲ್ಲ ನೆನಪಿತ್ತು. ಹೆಸರು ಮಾತ್ರ ಇರಲಿಲ್ಲ. ನಾಳೆ ಅದು ಅಚ್ಚಾಗಿ ಬಂದರೆ ಬಂದರಿನ ತಂಡದವರು ಕರೆದು ಕೆಲಸ ಕೊಡುವ ಸಂಭವವಿತ್ತು. ಅದಕ್ಕೇ ಅವನು ಇಡ್ಲಿ ಮುಟ್ಟದೆ ಮೈಯೆಲ್ಲ ಕಿವಿಯಾಗಿ ಕೂತಿದ್ದ.

ಮುರಳೀಧರರು ಲೈನು ಸರಿಯಿಲ್ಲವೆಂದರು. ರೆಫರಿಯ ಕೀರಲು ದನಿಯನ್ನು ಅಣಕಿಸಿದರು. ತಂಡ ನಕ್ಕಿತು. ಒಳಗೊಳಗೇ ತಡಕಿದರೆ ಸಿಕ್ಕಿದ್ದೆಲ್ಲ ತಮ್ಮ ಜೊತೆ ಆಡಿ ಸತ್ತವರ ಹೆಸರುಗಳು. ಅವನನ್ನೇ ಕೇಳಿಬಿಡುವುದೆ? ಕೇಳಿದರೆ ನಾಳೆಯಿಂದ ತಂಡವೂ ಇಲ್ಲ, ಪತ್ರಿಕೆಯೂ ಇಲ್ಲ.

"ಸಾರ್, ಪೇಜ್ ಮುಚ್ತಾ ಇದಾರೆ. ಹೆಸರಿಲ್ದೆ ಹಾಕ್ಬಿಡ್ಲಾ?"

"ತಡಿಯಪ್ಪ." ಬೆವೆತ ರಿಸೀವರನ್ನು ಯುವಕನತ್ತ ಚಾಚಿದರು. "ಬಾರೋ ಇಲ್ಲಿ. ಕಾಲಲ್ಲಿ ಹೊಡ್ದಿದ್ದಾಯ್ತು, ಈಗ ಬಾಯಲ್ಲಿ ಹೇಳು. ಪೇಪರಿನವ್ರ ಹತ್ರ ಮಾತಾಡೋದು ಯಾವಾಗ ಕಲೀತೀಯ?"

ಸಾರ್ ಅವರ ಇನ್ನೊಂದು ತಮಾಷೆಯೆಂದು ಎಲ್ಲರೂ ನಕ್ಕರು. ಗಲ್ಲಾದಲ್ಲಿ ಕೂತಿದ್ದ ಕಾಂತಪ್ಪ ಮಾತ್ರ ನಗಲಿಲ್ಲ. ಮುಳ್ಳುಕಂಬಿಗೆ ಬಿಲ್ಲಿನ ಚೀಟಿ ಚುಚ್ಚುತ್ತಿದ್ದ ಅವನ ಕೈ ಅಲ್ಲೇ ನಿಂತಿತು.

ಯುವಕ ನಾಚುತ್ತ ಫೋನು ಹಿಡಿದು, ಊರಿನ ತಮಿಳು ಬೆರೆಸಿ ಹೇಳಿದ. "ತಿರುಮಲೇಶ, ಸಾರ್. ಆಮಾ, ತಿರುಮಲೇಶ. ನಂಬರ್ ಪತ್ತು."

ಪಕ್ಕದಲ್ಲಿ ಮುರಳೀಧರರ ತುಟಿಗಳು ಸದ್ದಿಲ್ಲದೆ ಅದನ್ನೇ ಹೇಳಿಕೊಂಡವು. ಮತ್ತೆ ಹೇಳಿಕೊಂಡವು. ಅವನು ಫೋನಿಟ್ಟು, ಅವರ ಕಾಲು ಮುಟ್ಟಿ, ಗೆಳೆಯರೊಡನೆ ಬೀದಿಗಿಳಿದ.

ಕಾಂತಪ್ಪ ಕೇಳದೆಯೇ ಕಾಫಿ ತಂದಿಟ್ಟ. "ಕುಡೀರಿ ಮಾಷ್ಟ್ರೆ, ತಣೀತದೆ."

ಕಾಫಿಯ ಮೇಲೆ ಕೆನೆ ಕಟ್ಟಿತು. ತುಟಿಗಳು ಇನ್ನೂ ಆಡುತ್ತಿದ್ದವು. ಹೆಸರಿನ ನಡುವೆಲ್ಲೋ ಅವು ತಡೆದು ನಿಂತಾಗ ಮುರಳೀಧರರು ಬಾಗಿಲಿನತ್ತ ನೋಡಿದರು. ತಂಡ ಆಗಲೇ ಬೀದಿಯ ತಿರುವು ದಾಟಿತ್ತು.