ತೀರಿಹೋದವರ ಹೆಸರಿನ ಕಾರು

ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ತೆಕ್ಕಟ್ಟೆಯ ಗುಲಾಬಿ ಶೆಡ್ತಿಯ ಅಂಗಳಕ್ಕೆ ಪೊಲೀಸಿನವನೊಬ್ಬ ಬಂದ.

"ಹ್ವಾಯ್, ಭೋಜರಾಜ ಶೆಟ್ರ್ ಇದ್ರಾ?"

ಗುಲಾಬಿ ಎಲೆ ಕೆಳಗಿಟ್ಟು ಹೊರಗೆ ಬಂದಳು. ಗಂಡ ತೀರಿಕೊಂಡು ವರ್ಷ ಕಳೆದಿತ್ತು.

"ಅವ್ರ್ ಹೋಯಿ ವರ್ಷ ಆಯ್ತಲೆ. ಎಂತ ಆಯ್ತ್?"

"ಅವ್ರ್ ಕಾರ್ ಮರವಂತೆಯಗೆ ಮೀನ್ ಮಾರು ಹೆಂಗ್ಸ್ ಬಾಗಿಗೆ ಬಡ್ದ್, ನಿಲ್ಸ್ದೆ ಓಡಿತ್. ಬಾಗಿಗೆ ಎಚ್ರ ಇಲ್ಲೆ. ನಂಬ್ರ ಕಂಡವ್ರ್ ಹೇಳಿರ್. ಆರ್.ಟಿ.ಓ. ಪುಸ್ತಕದಗೆ ಶೆಟ್ರ್ ಹೆಸ್ರೇ ಇತ್ತ್. ನಾಳೆ ಸ್ಟೇಷನ್ನಿಗೆ ಬರ್ಕ್."

ಅವನು ಹೋದ ಮೇಲೆ ಗುಲಾಬಿ ಅಣ್ಣನಿಗೆ ಹೇಳಿ ಕಳಿಸಿದಳು. ಕಾರು ಮಾರಿ ಆರು ತಿಂಗಳಾಗಿತ್ತು. ಅಣ್ಣ ರತ್ನಾಕರನೇ ಮುಂದೆ ನಿಂತು ಶಿರೂರಿನ ಹೋಟೆಲಿನವನೊಬ್ಬನಿಗೆ ಕೊಡಿಸಿದ್ದ.

ಸುದ್ದಿ ಕೇಳಿ ರತ್ನಾಕರ ಓಡಿ ಬಂದ. ಹಿಂದೆಯೇ ಆ ಕಾರನ್ನು ಹನ್ನೆರಡು ವರ್ಷ ಓಡಿಸಿದ್ದ ಡ್ರೈವರ್ ದುಗ್ಗಪ್ಪನೂ ಬಂದ.

"ಮಾರಿದ್ ಮೇಲೆ ನಮ್ಗೆಂತ ಸಂಬಂಧ? ಹೆದ್ರ್ಬೇಡ," ಎಂದ ರತ್ನಾಕರ.

"ಸಂಬಂಧ ಇತ್ತ್ ಶೆಟ್ರೆ," ಎಂದ ದುಗ್ಗಪ್ಪ. "ಕಾರ್ ಹೋಯ್ತ್, ಹೆಸ್ರ್ ಹೋಯ್ಲಿಲ್ಲೆ. ಮಂಗ್ಳೂರ್ ಆರ್.ಟಿ.ಓ. ಆಫೀಸಿನಗೆ ಹೆಸ್ರ್ ಬದ್ಲ್ ಮಾಡ್ಸ್ಬೇಕಿತ್ತ್. ನಂಬ್ರ ಯಾರ್ ಹೆಸ್ರಗೆ ಇತ್ತೋ, ಪೊಲೀಸ್ರ್ ಅವ್ರ್ ಮನಿಗೇ ಬಪ್ಪುದ್."

"ಅಷ್ಟ್ ದೂರ ಹೋಪುದ್ ಯಾರ್ ಅಂದೇಳಿ ಬಿಟ್ಟೆ," ಎಂದ ರತ್ನಾಕರ. ಅವನ ದನಿ ಇಳಿದಿತ್ತು.

ಮೂವರೂ ಸಿಕ್ಕಿದ ಬಸ್ಸಿನಲ್ಲಿ ಶಿರೂರಿಗೆ ಹೋದರು. ಹೋಟೆಲಿನವನು ಕೈ ಕೊಡವಿದ. "ನಾನ್ ಅದನ್ನ್ ಮೂರ್ ತಿಂಗ್ಳ್ ಹಿಂದೆ ಘಟ್ಟದ ಬದಿಯವ್ನಿಗೆ ಕೊಟ್ಟೆ. ಹೆಸ್ರ್, ಊರ್ ಎಂತದೂ ಗೊತ್ತಿಲ್ಲೆ."

ಹಿಂದಿರುಗುವಾಗ ಮರವಂತೆಯಲ್ಲಿ ರಸ್ತೆಯ ಬದಿಗೆ ಜನ ಗುಂಪುಗೂಡಿದ್ದರು. ಬಸ್ಸು ಅದನ್ನು ದಾಟುವವರೆಗೂ ಗುಲಾಬಿ ಕಣ್ಣು ಮುಚ್ಚಿಕೊಂಡೇ ಇದ್ದಳು.

ಮರುದಿನ ಸ್ಟೇಷನ್ನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾರಿದ್ದಕ್ಕೆ ಒಂದು ಚೀಟಿಯೂ ಅವಳ ಕೈಯಲ್ಲಿರಲಿಲ್ಲ. "ಕಾರು ಸಿಗುವ ತನಕ ಊರು ಬಿಟ್ಟು ಹೋಗಬೇಡಿ," ಎಂದರು ಸಾಹೇಬರು. ಒಂಬತ್ತು ದಿನ ರಸ್ತೆಯಲ್ಲಿ ಯಾವ ಗಾಡಿ ನಿಧಾನಿಸಿದರೂ ಅವಳು ಕಿಟಕಿಗೆ ಬಂದು ಇಣುಕುತ್ತಿದ್ದಳು. ಮನೆಗೆ ಬರುತ್ತಿದ್ದ ನೆಂಟರೂ ಬರುವುದು ಬಿಟ್ಟರು.

ಹತ್ತನೆಯ ದಿನ ಕಾರು ಒಂದು ಶೆಡ್ಡಿನಲ್ಲಿ ಸಿಕ್ಕಿತು. ನಂಬರ್ ಪ್ಲೇಟು ಕಿತ್ತಿದ್ದರೂ ಎಂಜಿನಿನ ನಂಬರು ಪುಸ್ತಕಕ್ಕೆ ತಾಳೆಯಾಯಿತು. ಅದನ್ನು ಓಡಿಸಿದ ಘಟ್ಟದ ಬದಿಯವನು ತಪ್ಪು ಒಪ್ಪಿಕೊಂಡ.

ಗುಲಾಬಿ ಆಸ್ಪತ್ರೆಗೆ ಹೋದಳು. ಬಾಗಿಗೆ ಎಚ್ಚರ ಬಂದಿತ್ತು, ಆದರೆ ಬಲಗಾಲು ಮಡಚುತ್ತಿರಲಿಲ್ಲ. ಇನ್ನು ಬುಟ್ಟಿ ಹೊತ್ತು ಮನೆಮನೆ ತಿರುಗುವಂತಿರಲಿಲ್ಲ.

"ಅಮ್ಮ, ನಿಮ್ಮನಿ ಕಾರ್ ಅಂಬ್ರ್, ಹೌದಾ?"

ಗುಲಾಬಿ ಮಂಚದ ಬದಿಗೆ ಕುಳಿತು ಬಾಗಿಯ ಕೈ ಹಿಡಿದುಕೊಂಡಳು.

ಆ ವಾರವೇ ರತ್ನಾಕರ ತಂಗಿಯನ್ನು ಕರೆದುಕೊಂಡು ಮಂಗಳೂರಿಗೆ ಹೊರಟ. ಭಾವನ ಮರಣದ ದಾಖಲೆ, ಕಾರಿನ ಪುಸ್ತಕ ಎರಡನ್ನೂ ತಾನೇ ಚೀಲಕ್ಕೆ ಹಾಕಿಕೊಂಡ. ಕಾರನ್ನು ಮೊದಲು ಗುಲಾಬಿಯ ಹೆಸರಿಗೆ, ಆಮೇಲೆ ಅವಳಿಂದ ಕೊಂಡ ಹೋಟೆಲಿನವನ ಹೆಸರಿಗೆ ಮಾಡಿಸಲು ಇಬ್ಬರೂ ಅರ್ಜಿ ಬರೆದರು. ಮನೆಯಲ್ಲಿದ್ದ ಭಾವನ ಸ್ಕೂಟರಿನ ಅರ್ಜಿಯನ್ನೂ ರತ್ನಾಕರನೇ ನೆನಪು ಮಾಡಿ ಕೊಡಿಸಿದ.

"ಆವತ್ತೇ ದುಗ್ಗಪ್ಪನ್ ಕೇಣ್ಬೇಕಿತ್ತ್," ಎಂದ.

ಅಕ್ಕಂದಿರೇ, ಅಣ್ಣಂದಿರೇ, ನೀವು ಮಾರಿದ ಗಾಡಿ ಈ ಹೊತ್ತು ಯಾವ ದಾರಿಯಲ್ಲಿದೆ, ಯಾರ ಕೈಯಲ್ಲಿದೆ, ನಿಮಗೆ ಗೊತ್ತೇ? ಮಾರಿದರೂ ಕೊಂಡರೂ ಕೂಡಲೇ ಹೆಸರು ಬದಲಾಯಿಸಿ, ಬರಹದಲ್ಲಿ ರಸೀದಿ ಪಡೆಯಿರಿ. ಮನೆಯ ಹಿರಿಯರು ತೀರಿಕೊಂಡಿದ್ದರೆ ಅವರ ಗಾಡಿಯ ಪುಸ್ತಕವನ್ನು ಇಂದೇ ತೆಗೆದು ನೋಡಿ. ಹೆಸರು ಹಾಗೆಯೇ ಇದ್ದರೆ ನಾಳೆಯ ಮೊದಲ ಬಸ್ಸಿಗೆ ಆರ್.ಟಿ.ಓ. ಆಫೀಸಿಗೆ ಹೊರಡಿ.