ಕಲ್ಯಾಣಪ್ಪನವರ ಕಣ್ಣಳತೆ

ಯುಗಾದಿಯ ದಿನ ಉಂಡ ಮೇಲೆ ಗಂಡಸರು ನಮ್ಮ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತು, ಕಳೆದ ವರ್ಷ ತಾವೇನು ಮಾಡಿದೆವೆಂದು ಸರದಿಯ ಮೇಲೆ ಹೇಳುವುದು ಮಾವನವರ ಕಾಲದಿಂದ ಬಂದ ರೂಢಿ. ಒಬ್ಬರು ಶ್ರೀಶೈಲಕ್ಕೆ ಹೋಗಿ ಬಂದಿರುತ್ತಾರೆ, ಇನ್ನೊಬ್ಬರು ಬಾವಿ ತೋಡಿಸಿರುತ್ತಾರೆ. ನಮ್ಮೂರು ಕಮಲಾಪುರದ ಹೆಂಗಸರಿಗೂ ಅದೇ ವರ್ಷ ಕಳೆದಿರುತ್ತದೆ ಎಂಬುದು ಇದುವರೆಗೆ ಯಾರಿಗೂ ಹೊಳೆದಿಲ್ಲ. ನಾವು ಆ ಹೊತ್ತಿಗೆ ಅಡುಗೆಮನೆಯಲ್ಲಿ, ತಡವಾಗಿ ಬರುವವರಿಗೆಂದು ಹೋಳಿಗೆ ಬೇಯಿಸುತ್ತಿರುತ್ತೇವೆ.

ಪ್ಲೇಗು ಬಂದು ಹೋದ ಮಾರನೆಯ ವರ್ಷದ ಯುಗಾದಿ ಅದು. ನನ್ನ ಗಂಡನ ಸರದಿ ಬಂತು. ಅವರು ಗಂಟಲು ಸರಿಮಾಡಿಕೊಂಡದ್ದು ಒಲೆಯ ಮುಂದೆ ಕೂತ ನನಗೂ ಕೇಳಿಸಿತು.

"ಈ ವರ್ಷ ನಾ ಕಲಬುರ್ಗಿದಾಗ ಹೊಲಿಗಿ ಕೆಲಸ ಶುರು ಮಾಡ್ದೆ," ಎಂದರು.

ನನ್ನ ನೆಗೆಣ್ಣಿ ಲಲಿತಾಬಾಯಿ ಲಟ್ಟಣಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಅಕ್ಕಾ, ಭಾವ ಕಲಬುರ್ಗಿದಾಗ ಯಾವಾಗ ಹೊಲಿದ್ರು?"

"ಕನಸಿನ್ಯಾಗ ಹೊಲಿದ್ರು. ನೀ ಲಟ್ಟಿಸು."

ನಾವು ಶಿವಸಿಂಪಿಗರು. ಹೊಲಿಯುವುದು ನಮ್ಮ ಮನೆತನದ ಕಸುಬು. ನನ್ನ ಗಂಡ ಕಲ್ಯಾಣಪ್ಪ ಕುಪ್ಪಸಕ್ಕೂ ನಿಲುವಂಗಿಗೂ ಸುತ್ತಲಿನ ಹಳ್ಳಿಗಳಲ್ಲಿ ಹೆಸರಾದವರು. ಆ ಹೆಸರಿನ ಮೇಲೆಯೇ ಕಲಬುರಗಿಯ ಕೋಟೆಯ ಹತ್ತಿರದ ಒಂದು ಹವೇಲಿಯಿಂದ ಅವರಿಗೆ ಬಟ್ಟೆ ಬರುತ್ತಿತ್ತು. ಘೋಷಾದ ಮನೆಯ ಹೆಂಗಸರನ್ನು ಗಂಡಸು ಅಳೆಯುವಂತಿಲ್ಲ. ಆದ್ದರಿಂದ ಅವರು ಮಾದರಿಗೆಂದು ಒಂದು ಹಳೆಯ ಕುರ್ತಾ ಕಳಿಸುತ್ತಾರೆ. ದರ್ಜಿ ಅದನ್ನು ನೆಲದ ಮೇಲೆ ಹರಡಿ, ಅದರಂತೆಯೇ ಹೊಸದನ್ನು ಕತ್ತರಿಸುತ್ತಾನೆ. ಈ ಏರ್ಪಾಡಿನಲ್ಲಿ ಒಂದು ತೊಡಕಿದೆ, ಅದು ಹೆಂಗಸಿಗೆ ಮಾತ್ರ ತಿಳಿಯುತ್ತದೆ. ಮಾದರಿ ಕಳಿಸು ಎಂದರೆ ಯಾವ ಹೆಂಗಸೂ ಈಗ ತೊಡುತ್ತಿರುವ ಬಟ್ಟೆಯನ್ನು ಕಳಿಸುವುದಿಲ್ಲ. ತಾನು ಚೆಂದ ಕಾಣುತ್ತಿದ್ದ ಕಾಲದ್ದನ್ನು ಪೆಟ್ಟಿಗೆಯ ತಳದಿಂದ ತೆಗೆದು ಕಳಿಸುತ್ತಾಳೆ.

ಆ ಹವೇಲಿಯ ಬೇಗಮ್ ಸಾಹೇಬರು ಮೂರು ಹೆರಿಗೆಗೆ ಮೊದಲಿನ ಕುರ್ತಾ ಕಳಿಸಿದ್ದರು. ನನ್ನ ಗಂಡ ಕೂದಲೆಳೆಯಷ್ಟೂ ತಪ್ಪದಂತೆ ಹೊಲಿದರು. ತೋಳು ಏರಲಿಲ್ಲವೆಂದು ಬಟ್ಟೆಯೆಲ್ಲ ಹಿಂದೆ ಬಂತು. "ತಪ್ಪು ಬಟ್ಟೀದಲ್ಲ, ಮೈದು," ಎಂದು ಹೇಳಿ ಅವರು ತಮ್ಮ ಹಗ್ಗದ ಮಂಚ, ಆ ಬಾಜಿನ ಮೇಲೆ ಮಲಗಿಬಿಟ್ಟರು. ಹವೇಲಿಯ ಮುನ್ಷಿ ಖಮರುದ್ದೀನ್ ಸಾಹೇಬರು ಬಂದು, ಅಳತೆ ತೆಗೆಯಲು ಒಬ್ಬ ಹೆಂಗಸನ್ನು ಕಳಿಸದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದರು. ಹಾಗೆ ನಾನು ಹೋದೆ, ವರ್ಷವೆಲ್ಲ ಅಲ್ಲೇ ಇದ್ದು ಈ ಹಬ್ಬಕ್ಕೆಂದು ಊರಿಗೆ ಬಂದಿದ್ದೆ. ಗಂಡ ಬಾಜಿನಿಂದ ಏಳಲಿಲ್ಲ. ಸೊಂಟ ಹಿಡಿದಿದೆ ಎಂದರು.

ಪಡಸಾಲೆಯಲ್ಲಿ ಅವರ ವರ್ಷ ಮುಂದುವರಿದಿತ್ತು. "ಮೋಮಿನಪುರದ ಬಾಜೂಕ ಒಂದು ಖೋಲಿ ಹಿಡ್ದೆ. ಹೊಲಿಗಿ ಮಿಷನ್ನ ತರಿಸ್ದೆ."

ಖೋಲಿ ಹಿಡಿದವಳು ನಾನು. ಗುಂಡಮ್ಮ ಎಂಬ ನಮ್ಮವರದೇ ಮನೆ, ಹಿತ್ತಲ ಕಡೆಯ ಖೋಲಿ, ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತಿತ್ತು. ಮಿಷನ್ನು ಪಕ್ಕದ ಗಲ್ಲಿಯ ಇನಾಯತ್ ದರ್ಜಿಯದು. ಅವನು ಮಧ್ಯಾಹ್ನ ಮಲಗಿದಾಗ ಅವನ ಹೆಂಡತಿ ನನಗೆ ತುಳಿಯುವುದನ್ನು ಕಲಿಸಿದಳು. ಮೊದಲ ವಾರ ಚಕ್ರ ಹಿಂದಕ್ಕೇ ತಿರುಗುತ್ತಿತ್ತು, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಲವತ್ತು ದಾಟಿದ ಮೇಲೆ ಹೊಸದೊಂದನ್ನು ಕಲಿಯುವಾಗ ಆಗುವ ನಾಚಿಕೆಯ ಜೊತೆಗೆ ಒಂದು ಹುಚ್ಚು ಸಂತೋಷವೂ ಇರುತ್ತದೆ. ಅದನ್ನು ನಾನು ಯಾರ ಮುಂದೆಯೂ ಹೇಳಿಲ್ಲ. ಯಾರೂ ಕೇಳಿರಲೂ ಇಲ್ಲ.

"ನಮ್ಮ ಮನಿಯಾಕಿಗಿ ಹೈದ್ರಾಬಾದ್ ತೋರಿಸ್ದೆ," ಎಂದರು ಅವರು. ಪಡಸಾಲೆಯಲ್ಲಿ 'ವ್ಹಾ ವ್ಹಾ' ಎದ್ದಿತು.

ಬೇಗಮ್ ಸಾಹೇಬರು ತವರಿಗೆ ಹೊರಟಾಗ ಹೊಲಿಗೆಗೆಂದು ನನ್ನನ್ನು ಕರೆದೊಯ್ದಿದ್ದರು. ರೈಲುಗಾಡಿಯ ಡಬ್ಬಿಯ ಕಿಟಕಿಗಳಿಗೆಲ್ಲ ಪರದೆ ಕಟ್ಟಿದ್ದರು. ವಾಡಿಯಲ್ಲಿ ಗಾಡಿ ಬದಲಿಸುವಾಗ ಸ್ಟೇಷನ್ನಿನ ಮೇಲೂ ಎರಡು ಕಡೆ ಚಾದರ ಹಿಡಿದು ನಮ್ಮನ್ನು ನಡೆಸಿದರು. ನಾನು ನೋಡಿದ ಹೈದರಾಬಾದ್ ಎಂದರೆ ಒಂದು ಪರದೆಯ ಹರಿದ ಅಂಚಿನಿಂದ ಕಂಡ ಗೋಡೆಗಳು, ಒಂಟೆಯ ಕಾಲು, ಕುದುರೆಯ ಬಾಲ. ಬೇಗಮ್ ಅಷ್ಟನ್ನೂ ನೋಡಲಿಲ್ಲ. ಪೆಟ್ಟಿಗೆಗಟ್ಟಲೆ ರೇಷ್ಮೆಯ ಆ ಒಡತಿಗೆ ತನ್ನ ಹವೇಲಿಯ ಯಾವ ಬಾಗಿಲು ಬೀದಿಗೆ ತೆರೆಯುತ್ತದೆಂದು ತಿಳಿಯದು. ಮೊದಲು ಅದನ್ನು ಕೇಳಿ ನನಗೆ ಕನಿಕರವಾಯಿತು. ಒಂದು ತಿಂಗಳ ಮೇಲೆ ಆಕೆ, "ನಿನ್ನ ಗಂಡ ನಿನ್ನನ್ನು ಬೀದಿಗೆ ಬಿಟ್ಟನಲ್ಲ, ಪಾಪ," ಎಂದು ನನಗೇ ಕನಿಕರ ತೋರಿಸಿದಾಗ ನನ್ನ ಕನಿಕರ ಹಾರಿಹೋಯಿತು.

ಮೊದಲ ಎರಡು ತಿಂಗಳು ನಾನು ಗಂಡನ ದಾರಿ ಕಾದದ್ದು ನಿಜ. ನಮ್ಮೂರಿನ ಮೇಲೆ ಬರುವ ಹುಮನಾಬಾದ್ ಹಾದಿಯಲ್ಲಿ ಬಂಡಿ ಬಂದ ಸದ್ದಾದರೆ ಸೂಜಿ ನಿಲ್ಲಿಸುತ್ತಿದ್ದೆ. ಅವರು ಒಮ್ಮೆ ಬಂದರು, ಉರುಸಿನ ಸಮಯದಲ್ಲಿ. ಉಂಡರು, ಮಲಗಿದರು, ಖೋಲಿ ಸೋರುತ್ತದೆ ಎಂದು ನನ್ನನ್ನೇ ಬಯ್ದು ಹೋದರು. ಆಮೇಲೆ ಕಾಯುವುದು ತಾನಾಗಿಯೇ ನಿಂತಿತು. ರೊಟ್ಟಿ ತಟ್ಟಿ ಹಂಚಿನ ಮೇಲಿಂದ ತೆಗೆದ ಕೂಡಲೇ ಬಿಸಿಯಾಗಿ ತಿನ್ನತೊಡಗಿದೆ. ಮದುವೆಯಾದ ಮೇಲೆ ನಾನು ಬಿಸಿ ರೊಟ್ಟಿ ತಿಂದದ್ದೇ ಇರಲಿಲ್ಲ. ಮೊದಲ ತುತ್ತಿಗೆ ನಾಲಿಗೆ ಸುಟ್ಟುಕೊಂಡೆ. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಬಾಳಿದ ಗಂಡಸಿನ ಮೇಲಿನ ಮರ್ಯಾದೆ ಹೋಗುವುದು ಹಗುರದ ಮಾತಲ್ಲ. ಆದರೆ ಅದು ಹೋದಾಗ ಮನೆಯಲ್ಲಿ ಏನೂ ಮುರಿದ ಸದ್ದಾಗುವುದಿಲ್ಲ. ರೊಟ್ಟಿ ರುಚಿಯಾಗುತ್ತದೆ, ಅಷ್ಟೆ.

"ಇನ್ನ ಮುಂದ ಅಲ್ಲಿ ನಾನೇ ಕೂಡ್ತೀನಿ," ಎಂದಿತು ಪಡಸಾಲೆಯ ಧ್ವನಿ. "ಈಕಿಗಿ ವಯಸ್ಸಾತು. ಇಲ್ಲೇ ಇದ್ದು ಅವ್ವನ ಸೇವಾ ಮಾಡ್ಲಿ."

ನನ್ನ ಕೈಯಲ್ಲಿದ್ದ ಹೋಳಿಗೆ ಹಂಚಿನ ಮೇಲೆ ಮಡಚಿಕೊಂಡು ಬಿತ್ತು. ಇದು ನಾನು ಮೊದಲ ಸಲ ಕೇಳಿದ ಸುದ್ದಿ. ಪಡಸಾಲೆಯಲ್ಲಿ ಕೂತ ಅರ್ಧ ಊರಿಗೆ ತಿಳಿದ ಮೇಲೆ ನನಗೆ ತಿಳಿಯಿತು.

"ಅಕ್ಕಾ," ಎಂದಳು ಲಲಿತಾಬಾಯಿ ಮೆಲ್ಲಗೆ, "ನಿನಗ ಕೇಳಿದ್ರೇನು?"

"ಎಮ್ಮಿ ಮಾರೂಮುಂದ ಎಮ್ಮೀಗಿ ಕೇಳ್ತಾರೇನು?"

ಅಷ್ಟರಲ್ಲಿ ಅಂಗಳದಲ್ಲಿ ಬಂಡಿ ನಿಂತಿತು. ಖಮರುದ್ದೀನ್ ಮುನ್ಷಿಗಳು ಹುಮನಾಬಾದಿನಿಂದ ಕಲಬುರಗಿಗೆ ಹಿಂದಿರುಗುತ್ತ, ಎತ್ತಿಗೆ ನೀರು ಕುಡಿಸಲೂ ನಮಗೊಂದು ಮಾತು ಹೇಳಲೂ ಇಳಿದಿದ್ದರು. ಗಂಡಸರೆಲ್ಲ ಎದ್ದು ಜಾಗ ಬಿಟ್ಟರು. ಕೆಂಪು ಬಾಳೆಹಣ್ಣಿನ ಚಿಪ್ಪು ಅವರ ಮುಂದೆ ಬಂತು. ಅವರು ಒಂದನ್ನು ಸುಲಿಯುತ್ತ, "ಹವೇಲಿದಾಗ ಬೇಗಮ್ ಸಾಹೇಬರ ಮಗಳ ಶಾದಿ ಅದ, ಕಲ್ಯಾಣಪ್ಪ. ಹೊಲಿಗಿ ಕೆಲಸ ಬಹುತ್ ಅದ. ಅದಾ ಹೇಳ್ಲಾಕ ಬಂದೀನಿ," ಎಂದರು.

"ನಾನೇ ಬರ್ತೀನ್ರಿ ಸಾಹೇಬ್ರ," ಎಂದರು ನನ್ನ ಗಂಡ. "ಈಗ ಇವರ ಮುಂದ ಅದೇ ಹೇಳ್ಲಾಕತ್ತಿದ್ದೆ."

ಊರ ಗೌಡರಾದ ಮಹಾದೇವಪ್ಪನವರಿಗೆ ಯಾರನ್ನಾದರೂ ಕೆಣಕದೆ ಎಲೆ ಅಡಿಕೆ ರುಚಿಸುವುದಿಲ್ಲ. "ಅಲ್ಲೋ ಕಲ್ಯಾಣಪ್ಪ," ಎಂದರು, "ಘೋಷಾದ ಹೆಣ್ಮಕ್ಕಳ ಅಳತಿ ನೀ ಹ್ಯಾಂಗ ತಗೋತಿ? ಗ್ವಾಡಿ ಅಳೀತಿಯೇನು?"

ಎಲ್ಲರೂ ನಕ್ಕರು. ಹಾಗೆ ನಕ್ಕಾಗ ನನ್ನ ಗಂಡನಿಗೆ ತಡೆಯುವುದಿಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ, ಬೀಗರ ಮನೆಯಲ್ಲಿ ಅವರು ಹೇಳಿಕೊಂಡು ಬಂದ ಒಂದು ಮಾತಿದೆ. ನಮ್ಮವರಲ್ಲಿ ಎಲ್ಲ ದೊಡ್ಡ ದರ್ಜಿಗಳೂ ಅದನ್ನು ಹೇಳುತ್ತಾರೆ. ಅದು ಅಭ್ಯಾಸಬಲದಿಂದ ಬಾಯಿಗೆ ಬಂತು.

"ನನಗ ದಾರ ಬ್ಯಾಡ, ಪಟ್ಟಿ ಬ್ಯಾಡ ಗೌಡ್ರ. ಒಂದು ನದರ್ ನೋಡಿದ್ರ ಸಾಕು, ಅಳತಿ ಕಣ್ಣಾಗ ಕೂಡ್ತದ. ಬೇಗಮ್ ಸಾಹೇಬರ ಭುಜ ಕೇಳ್ರಿ, ಒಂದು ಗೇಣು ನಾಕು ಬೆರಳು. ನಿದ್ದಿಗಣ್ಣಿನ್ಯಾಗ ಹೇಳ್ತೀನಿ."

ಆ ಅಳತೆ ನಿಜ. ಉರುಸಿಗೆ ಬಂದಾಗ ನಾನೇ ಹೇಳಿದ್ದೆ.

ಮುನ್ಷಿಗಳು ಬಾಳೆಹಣ್ಣನ್ನು ಕೆಳಗಿಟ್ಟರು. "ಕ್ಯಾ ಬೋಲೇ? ಒಂದು ನದರ್?"

"ಹೌದ್ರಿ ಸಾಹೇಬ್ರ, ಒಂದೇ ನದರ್."

"ಎಲ್ಲಿ ನೋಡಿದಿ?"

ಗಂಡ ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದೆ ಸರಿಸಿದರು.

"ಇಪ್ಪತ್ತು ವರ್ಷ ಆ ಹವೇಲಿದು ಉಪ್ಪು ತಿಂದೀನಿ," ಎಂದರು ಮುನ್ಷಿಗಳು. ಧ್ವನಿ ಏರಲಿಲ್ಲ, ಅದಕ್ಕೇ ಭಯವಾಯಿತು. "ಇವತ್ತಿನತನಕ ಬೇಗಮ್ ಸಾಹೇಬರ ಕಾಲಿನ ಬೆರಳು ನಾ ನೋಡಿಲ್ಲ. ನೀ ಭುಜ ನೋಡಿದಿ. ಯಾವ ಬಾಗಿಲದಾಗಿಂದ ನೋಡಿದಿ, ಹೇಳು. ಹವೇಲಿ ದೊಡ್ಡ ಸಾಹೇಬರಿಗಿ ನಾ ಹೇಳ್ಬೇಕಲ್ಲ?"

ಗೌಡರು ಛಾವಣಿಯ ತೊಲೆಗಳನ್ನು ನೋಡತೊಡಗಿದರು. ನಿನ್ನೆಯವರೆಗೆ ನನ್ನ ಗಂಡನ ಜೊತೆ ಒಂದೇ ತಾಟಿನಲ್ಲಿ ಉಂಡ ಗೆಳೆಯರು ಸ್ವಲ್ಪ ಸ್ವಲ್ಪವೇ ಸರಿದು ಕೂತರು. ಗಂಡ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ತುಟಿಯೆಲ್ಲ ಕೆಂಪು, ಮುಖ ಬೂದಿ. ಇಡೀ ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ.

ನಾನು ಸುಮ್ಮನೆ ಇರಬಹುದಿತ್ತು. ಇರಬೇಕೆಂದೇ ಅನ್ನಿಸಿತು, ಆ ಆಸೆ ಎಷ್ಟು ಸಿಹಿಯಾಗಿತ್ತೆಂದು ಹೇಳಲಾರೆ. ನೋಡಲಿಲ್ಲವೆಂದು ಅವರೇ ಒಂದು ಮಾತು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಹವೇಲಿಯ ಆಳುಗಳಿಂದ ಪೆಟ್ಟು ತಿಂದರೂ ಚಿಂತೆಯಿಲ್ಲ, ಗೌಡರ ಮುಂದೆ ಸುಳ್ಳಾಗುವುದು ಮಾತ್ರ ಬೇಡ, ಅದು ಅವರ ಸ್ವಭಾವ. ಆದರೆ ಸುದ್ದಿ ಹವೇಲಿಗೆ ಮುಟ್ಟಿದರೆ ಮೊದಲು ಮುಚ್ಚುವ ಬಾಗಿಲು ನನ್ನದು. ಆ ಸೋರುವ ಖೋಲಿ, ಬಾಡಿಗೆಗೆ ಕೇಳಿಟ್ಟ ಮಿಷನ್ನು, ನನ್ನ ಒಲೆ, ಎಲ್ಲವೂ ಈ ಮನುಷ್ಯನ ನಾಲಿಗೆಗೆ ಕಟ್ಟಿಕೊಂಡಿದ್ದವು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಹೋಳಿಗೆ ತಿರುವಿ ಹಾಕಿದೆ. ಅದು ಬೇಯುವವರೆಗೂ ಅವರನ್ನು ಹಾಗೇ ಬಿಟ್ಟೆ. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲಿಗೆ ಬಂದು ನಿಂತೆ.

"ಮುನ್ಷಿ ಸಾಹೇಬ್ರ, ನೋಡಿದಾಕಿ ನಾನ್ರಿ. ದಾರ ಹಿಡಿದು, ಗಂಟು ಹಾಕಿ, ಬೇಗಮ್ ಸಾಹೇಬರ ಅಳತಿ ತಗೊಂಡಾಕಿ ನಾನು. ಕತ್ತರಿಸಿದಾಕಿ, ಹೊಲಿದಾಕಿ ನಾನು. ಇವರು ಹವೇಲಿ ಗ್ವಾಡಿ ಸೈತ ನೋಡಿಲ್ಲ. ಇಡೀ ವರ್ಷ ಈ ಬಾಜಿನ ಮ್ಯಾಲ ಇದ್ದಾರ. ಊರಿಗೆಲ್ಲ ಗೊತ್ತದ, ಗೌಡ್ರಿಗೂ ಗೊತ್ತದ."

ಗೌಡರು ತೊಲೆಯಿಂದ ಕಣ್ಣು ಇಳಿಸಿ, "ಗೊತ್ತದ, ಗೊತ್ತದ," ಎಂದರು. ಇಲ್ಲಿಯವರೆಗೆ ವ್ಹಾ ವ್ಹಾ ಎಂದವರೂ ಅವರೇ.

ಮುನ್ಷಿಗಳ ಮುಖ ಸಡಿಲಾಯಿತು. ಗಂಡನಿಗೆ ಈಗಲಾದರೂ ನಾಚಿಕೆಯಾಗುತ್ತದೆ ಎಂದುಕೊಂಡೆ. ಅಷ್ಟು ವರ್ಷ ಜೊತೆಗಿದ್ದೂ ನಾನು ಅವರನ್ನು ಅಳೆದಿರಲಿಲ್ಲ. ಅವರು ತೊಡೆ ತಟ್ಟಿಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕರು.

"ಮತ್ತ ನಾ ಏನ್ ಹೇಳ್ದೆ? ಆಕಿ ಕಣ್ಣಂದ್ರ ನನ್ನ ಕಣ್ಣೇ ಅಲ್ಲೇನ್ರಿ! ನಾ ಕಲಿಸಿದ ವಿದ್ಯಾ!"

"ಖರೇ ಅದ," ಎಂದರು ಗೌಡರು. ಎಲ್ಲರೂ ತಲೆಯಾಡಿಸಿದರು. ಸರಿದು ಕೂತವರು ಮತ್ತೆ ಹತ್ತಿರ ಬಂದರು, ತಟ್ಟೆಯಿಂದ ಎಲೆ ತೆಗೆದುಕೊಂಡರು. ಹರಿದಲ್ಲಿ ಹೊಲಿಗೆ ಹಾಕಲು ಈ ಗಂಡಸರಿಗೆ ಸೂಜಿಯೂ ಬೇಕಿಲ್ಲ.

"ಹಂಗಾದ್ರ ಶಾದಿ ಕೆಲಸಕ್ಕ ನಾವಿಬ್ರೂ ಬರ್ತೀವಿ ಸಾಹೇಬ್ರ," ಎಂದು ಗಂಡ ಮುಂದುವರಿಸಿದರು. "ಮುಂದಿಂದೆಲ್ಲ ನಾ ಅಲ್ಲೇ ಕೂತು ನೋಡ್ಕೋತೀನಿ."

ನಾನು ಒಳಗೆ ಹೋಗಲು ತಿರುಗಿದವಳು ನಿಂತೆ.

"ಬ್ಯಾಡ್ರಿ ಸಾಹೇಬ್ರ," ಎಂದೆ, ಸಾಧ್ಯವಾದಷ್ಟು ವಿನಯದಿಂದ. "ಇವರ ಕಣ್ಣು ಭಾಳ ತೇಜ್ ಅವ. ಈಗ ಇವರೇ ಹೇಳಿದ್ರಲ್ಲ, ಒಂದು ನದರ್ ಬಿದ್ರ ಸಾಕು, ಮೈಯೆಲ್ಲ ಅಳತಿ ಸಿಗ್ತದ. ಇಂಥ ಕಣ್ಣಿನವರು ಘೋಷಾದ ಹವೇಲಿ ಕೆಲಸದ ಸನೇಕ ಬರೂದು ಚಲೋ ಅಲ್ಲ. ಮದುವಿ ಮನಿ, ಹೆಣ್ಮಕ್ಕಳು ಓಡಾಡ್ತಿರ್ತಾರ. ನಾ ಒಬ್ಬಾಕೀನೇ ಬರ್ತೀನಿ. ಅಲ್ಲೇ ಇರ್ತೀನಿ."

ಒಳಗೆ ಲಲಿತಾಬಾಯಿ ಸೆರಗು ಬಾಯಿಗೆ ತುರುಕಿಕೊಂಡದ್ದು ನನಗೆ ತಿಳಿಯಿತು.

ಮುನ್ಷಿಗಳು ನನ್ನ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಬಾಯಿಯವರು ಹೇಳೂದು ಬರಾಬರ್ ಅದ. ಕ್ಯೂಂ ಕಲ್ಯಾಣಪ್ಪ, ನಿನ್ನ ಕಣ್ಣು ಅಷ್ಟು ತೇಜ್ ಅವ ಏನು? ಇಲ್ಲಂದ್ರ ಇಲ್ಲ ಅನ್ನು, ನೀನೂ ಬರೂವಂತಿ."

ಇಲ್ಲ ಎಂದರೆ ಕಲಬುರಗಿ ಸಿಗುತ್ತಿತ್ತು. ಒಂದೇ ಮಾತು. ನಾನು ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದೆ. ಅವರು ಗೌಡರ ಕಡೆ ನೋಡಿದರು, ಗೆಳೆಯರ ಕಡೆ ನೋಡಿದರು. ಆಮೇಲೆ ಎದೆ ಮುಂದೆ ಮಾಡಿ ಕೂತರು.

"ತೇಜ್ ಅವ್ರಿ," ಎಂದರು.

"ಹಂಗಾದ್ರ ಇಲ್ಲೇ ಇರು," ಎಂದು ಮುನ್ಷಿಗಳು ಬಾಳೆಹಣ್ಣು ಮತ್ತೆ ಕೈಗೆತ್ತಿಕೊಂಡರು.

ಮರುದಿನ ಬೆಳಿಗ್ಗೆ ಪೀರಪ್ಪನ ಬಂಡಿಯಲ್ಲಿ ನಾನು ಹೊರಟೆ. ಅತ್ತೆ ಮುಖ ತಿರುವಿಕೊಂಡು ಕೂತಿದ್ದರು, ಲಲಿತಾಬಾಯಿ ಅಂಗಳದವರೆಗೆ ಬಂದಳು. ಗಂಡ ಕಟ್ಟೆಯ ಮೇಲೆ ನಿಂತು ಹಾದಿಯಲ್ಲಿ ಹೋಗುವವರಿಗೆ ಹೇಳುತ್ತಿದ್ದರು: "ನಾನೇ ಹೋಗ್ಬೇಕಾಗಿತ್ತು. ಹವೇಲಿಯವರು ನನ್ನ ಕಣ್ಣಿಗಿ ಹೆದರ್ಯಾರ."

ಕಮಲಾಪುರದಲ್ಲಿ ಅದನ್ನು ನಂಬಿದವರೇ ಹೆಚ್ಚು. ನಾನು ಪೀರಪ್ಪನಿಗೆ ಬಂಡಿ ಹೊಡೆಯಲು ಹೇಳಿದೆ.